ಕಾಣೆ ಕಚ್ಚಿದ್ದು ಬೆರಳಿಗೆ ಗೊತ್ತಾಗಬೇಕು

ಉಡುಪಿ ಕಡೆ ಮೀನು ಮಾರುವ ಹೆಂಗಸರು ಎಲ್ಲ ಪೇಟೆಯಲ್ಲೂ ಇದ್ದಾರೆ. ಗಾಳ ಹಾಕುವ ಹೆಂಗಸರು ಕಡಿಮೆ. ನನ್ನ ಅಮ್ಮ ಹಾಕುತ್ತಿದ್ದರು. ಈಗ ನಾನು ಹಾಕುತ್ತೇನೆ. ಕೆಲಸ ಮಂಗಳೂರಿನಲ್ಲಿ. ಆದರೆ ರಜೆ ಸಿಕ್ಕಿತೆಂದರೆ ಉಡುಪಿ ಹತ್ತಿರದ ನಮ್ಮೂರು ಕೆಮ್ಮಣ್ಣಿಗೆ ಬಂದು ಸ್ವರ್ಣಾ ಹೊಳೆಯ ಬದಿಯಲ್ಲಿ ಕೂರುತ್ತೇನೆ.

ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ ಉಳಿದ ಸಂಜೆ ಹೊಳೆಗೆ. "ಹೆಂಗಸರಿಗೆ ಯಾಕೆ ಗಾಳ" ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ, "ಮೀನು ಸಾರಿಗೆ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಸಾರಿಗೆ ಮಾತ್ರ ಅಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ದಿನವಿಡೀ ತಲೆ ಬಗ್ಗಿಸಿ ಎಲೆ ಸುತ್ತಿದವರು ಅಲ್ಲಿ ತಲೆ ಎತ್ತಿ ಕೂರುತ್ತಿದ್ದರು.

ನನ್ನ ಕೈಗೆ ಅವರು ಬೇಗ ಗಾಳ ಕೊಡಲಿಲ್ಲ. "ಮೊದಲು ನೀರು ನೋಡು ಮಗಾ" ಎನ್ನುತ್ತಿದ್ದರು. ನೀರು ಏರುತ್ತಿದೆಯಾ, ಇಳಿಯುತ್ತಿದೆಯಾ? ಮರಳಿನ ದಿಣ್ಣೆ ಎಲ್ಲಿ ಮುಳುಗಿತು? ಇವತ್ತಿನ ಉಬ್ಬರ ನಾಳೆ ಅದೇ ಹೊತ್ತಿಗೆ ಬರುವುದಿಲ್ಲ, ಸುಮಾರು 50 ನಿಮಿಷ ತಡ. ಅಮ್ಮ ಗಡಿಯಾರ ನೋಡದೆ ಚಂದ್ರನನ್ನು ನೋಡಿ ಲೆಕ್ಕ ಹಾಕುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರಿನ ಸೆಳೆತ ಜಾಸ್ತಿ. ಆಗ ದಾರಕ್ಕೆ ಸಣ್ಣ ಸೀಸದ ಗುಂಡು ಕಟ್ಟಿದರೆ ಗಾಳ ನಿಲ್ಲುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಕಾಣೆ. ಅದು ಮರಳಿನ ಮೀನು. ಹೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಇಳಿತದಲ್ಲಿ ಒಣಗಿದ ಮರಳಿನ ಮೇಲೆ ಉಬ್ಬರದ ನೀರು ಹತ್ತತೊಡಗಿದಾಗ ತಿನ್ನಲು ದಡದ ಹತ್ತಿರ ಬರುತ್ತದೆ. ನಾನು ಗಾಳ ಹಾಕುವುದು ಆ ಹೊತ್ತಿಗೇ. ಅದರ ಬಾಯಿ ಚೂಪು, ಬಹಳ ಸಣ್ಣದು. ಅದಕ್ಕೇ ಗಾಳವೂ ಸಣ್ಣದಿರಬೇಕು, ದಾರವೂ ತೆಳ್ಳಗಿರಬೇಕು. ಗಾಳದಿಂದ ಒಂದು ಗೇಣು ಮೇಲೆ ಸೀಸದ ಗುಂಡು. ಎರೆಗೆ ಸಿಗಡಿ. ದಡದ ನೀರಲ್ಲಿ ಬೈರಾಸು (ಟವೆಲು) ಹಿಡಿದು ಎತ್ತಿದರೆ ಸಣ್ಣ ಸಿಗಡಿ ಸಿಗುತ್ತದೆ. ಚಿಪ್ಪು ತೆಗೆದು, ಗಾಳದ ಮೊನೆ ಮುಚ್ಚುವಷ್ಟು ಮಾತ್ರ ಚುಚ್ಚಬೇಕು. ಜಾಸ್ತಿ ಚುಚ್ಚಿದರೆ ಕಾಣೆ ತುದಿ ಕಿತ್ತು ತಿಂದು ಹೋಗುತ್ತದೆ. ಸಿಗಡಿ ಸಿಗದಿದ್ದರೆ ತೆಂಗಿನ ಬುಡದ ಎರೆಹುಳು.

ಆಮೇಲೆ ಬೆರಳಿನ ಕೆಲಸ. ದಾರವನ್ನು ತೋರುಬೆರಳಿನ ಮೇಲೆ ಹಾದುಹೋಗುವಂತೆ ಹಿಡಿದು ಸುಮ್ನೆ ಕೂರಬೇಕು. ಅಲೆ ಎಳೆದರೆ ದಾರ ನಿಧಾನಕ್ಕೆ ಬಿಗಿಯುತ್ತದೆ. ಏಡಿ ಹಿಡಿದರೆ ಭಾರ, ಜೀವ ಇಲ್ಲದ ಭಾರ. ಕಾಣೆಯಾದರೆ ಟಕ್ ಟಕ್ ಎಂದು ಸಣ್ಣದಾಗಿ ಎರಡು ಸಲ. ಎರಡನೆಯದಕ್ಕೆ ಮಣಿಕಟ್ಟು ಸ್ವಲ್ಪ ಎತ್ತಿದರೆ ಸಾಕು. ಜೋರಾಗಿ ಎಳೆದರೆ ಬಾಯಿ ಹರಿದು ತಪ್ಪಿಸಿಕೊಳ್ಳುತ್ತದೆ. ಅಮ್ಮ ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಇದನ್ನು ಕಲಿಸಿದರು. "ಈಗ... ಅಲ್ಲ, ಅದು ಅಲೆ... ಹ್ಞಾಂ, ಈಗ!" ನನಗೆ ರಾಡು, ರೀಲೂ ಗೊತ್ತು. ದೂರ ಎಸೆಯಲು ಅದು ಒಳ್ಳೆಯದು. ಆದರೆ ಕಾಣೆಗೆ ಕೈದಾರವೇ ಸರಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಳೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಹತ್ತಿರ ಹಾಕಿದರೆ ಕೆಂಬೇರಿ ಮೀನು ಸಿಗಬಹುದು. ಅದಕ್ಕೆ ದಪ್ಪ ದಾರ ಬೇಕು, ಕಚ್ಚಿದ ಕೂಡಲೇ ಬೇರಿಗೆ ನುಗ್ಗುತ್ತದೆ. ಮಾಲ ಕಣ್ಣೆದುರೇ ಹಾರುತ್ತಿರುತ್ತದೆ, ಆದರೆ ಅದು ಕೆಸರು, ಪಾಚಿ ತಿನ್ನುವ ಮೀನು, ಗಾಳಕ್ಕೆ ಅಪರೂಪ. ಅದಕ್ಕೆ ಬೀಸುಬಲೆಯೇ ಬೇಕು. ತೇಡೆ ಮೀನು ಬಂದರೆ ಎಚ್ಚರ. ಬೆನ್ನಿನ ಮೇಲೆ ಒಂದು ಮುಳ್ಳು, ಎರಡೂ ಬದಿಯ ರೆಕ್ಕೆಯಲ್ಲಿ ಒಂದೊಂದು. ಮೂರರಲ್ಲೂ ನಂಜು. ಬಟ್ಟೆ ಹಾಕಿ ಹಿಡಿಯಿರಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಅದ್ದಿಟ್ಟರೆ ನೋವು ಇಳಿಯುತ್ತದೆ. ಮುಳ್ಳು ಒಳಗೇ ಮುರಿದರೆ ಡಾಕ್ಟರ ಹತ್ತಿರ ಹೋಗಬೇಕು.

ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ಕಡಲಲ್ಲಿ ನಿಷೇಧ. ಆ ಹೊತ್ತಿಗೆ ನಮ್ಮ ಹೊಳೆಯೂ ಕೆಂಪು ನೀರು ತುಂಬಿ ರಭಸದಲ್ಲಿ ಹರಿಯುತ್ತದೆ. ನಾನು ಹೋಗುವುದಿಲ್ಲ. ಅಮ್ಮ ಆ ನೀರಿನ ಹತ್ತಿರ ನನ್ನನ್ನು ಯಾವತ್ತೂ ಬಿಟ್ಟಿರಲಿಲ್ಲ. ಮಳೆ ಬಿಟ್ಟು ನೀರು ತಿಳಿಯಾಗಿ, ಅಳಿವೆಯಿಂದ ಉಪ್ಪು ಮೇಲಕ್ಕೆ ಬಂದ ಮೇಲೆ ಮತ್ತೆ ಶುರು. ಆಗ ಕೋಡಿಬೆಂಗ್ರೆ ತನಕವೂ ಹೋಗುತ್ತೇನೆ. ಹೂಡೆಯಿಂದ ಆ ರಸ್ತೆಯಲ್ಲಿ ಹೋದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ತುದಿಯಲ್ಲಿ ಸೀತಾ, ಸ್ವರ್ಣಾ ಎರಡೂ ಕಡಲು ಸೇರುತ್ತವೆ. ಅಲ್ಲಿ ಸೆಳೆತ ಬಹಳ. ನಾನು ನೀರಿಗೆ ಇಳಿಯದೆ ದಡದಿಂದಲೇ ಹಾಕುತ್ತೇನೆ.

ಬೆರಳುದ್ದದ ಮರಿ ಬಂದರೆ ಕೈ ಒದ್ದೆ ಮಾಡಿಕೊಂಡೇ ಬಿಡಿಸಿ ವಾಪಸ್ ಬಿಡುತ್ತೇನೆ. ತುಂಡಾದ ದಾರವನ್ನು ಅಲ್ಲಿ ಬಿಡುವುದಿಲ್ಲ. ಕೊಕ್ಕರೆಯ ಕಾಲಿಗೆ ನೈಲಾನ್ ಸುತ್ತಿದ್ದನ್ನು ನೋಡಿದರೆ ನನಗೆ ತಡೆಯಲು ಆಗುವುದಿಲ್ಲ.

ಅಮ್ಮನಿಗೆ ಈಗ ಮಂಡಿ ನೋವು, ಹೊಳೆಗೆ ಇಳಿಯುವುದಿಲ್ಲ. ನಾನು ಮನೆಗೆ ಬಂದ ಕೂಡಲೇ ಅವರು ಮೀನು ಎಷ್ಟು ಎಂದು ಕೇಳುವುದಿಲ್ಲ. ನೀರು ಎಲ್ಲಿ ತನಕ ಬಂದಿತ್ತು, ದಿಣ್ಣೆ ಈ ವರ್ಷ ಯಾವ ಕಡೆ ಸರಿದಿದೆ ಎಂದು ಕೇಳುತ್ತಾರೆ. ಕಾಣೆ ಶುಚಿ ಮಾಡುವುದು ಇವತ್ತಿಗೂ ಅವರೇ. ಅದಕ್ಕೆ ರವೆ ಹಚ್ಚಲು ಬಿಡುವುದಿಲ್ಲ. ಆಗ ತಾನೇ ಹಿಡಿದ ಕಾಣೆಗೆ ಉಪ್ಪು, ಹುಳಿ, ಮೆಣಸಿನ ಹುಡಿ, ಚೂರು ಅರಸಿನ. ಕಾವಲಿ ಕಾದ ಮೇಲೆ ತೆಂಗಿನೆಣ್ಣೆ.