ಪೆಟ್ಟು ತಿಂದ ಕಾರು: ಕೊಳ್ಳುವ ಮುಂಚೆ ಸ್ಟೆಪ್ನಿ ಎತ್ತಿ ನೋಡಿ

‘ಹಿಂದಿನ ಬಂಪರ್ ಒಂದೇ ಸಾರ್ ಚೇಂಜ್ ಆಗಿರೋದು’ ಎಂದರು ಮಾರುವವರು. ಭಾವಮೈದುನನಿಗೆ ಹಳೇ ಕಾರು ನೋಡಲು ಹೋಗಿದ್ದೆ. ಪೇಂಟ್ ಫಳಫಳ ಹೊಳೆಯುತ್ತಿತ್ತು. ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ, ಸ್ಟೆಪ್ನಿಯನ್ನು ಹೊರಗಿಟ್ಟೆ. ಕೆಳಗಿನ ತಗಡು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಿತ್ತು. ಮೂಲೆಯಲ್ಲಿ ಸುತ್ತಿಗೆಯ ಗುರುತು ಬೇರೆ.

ಆಕ್ಸಿಡೆಂಟ್ ಆದ ಕಾರೆಲ್ಲ ಕೆಟ್ಟದ್ದೇನಲ್ಲ. ಬಂಪರ್, ಬಾನೆಟ್, ಬಾಗಿಲುಗಳನ್ನು ಬೋಲ್ಟ್ ಬಿಚ್ಚಿ ಬದಲಿಸಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಚೌಕಾಸಿ ಮಾಡಿ ಸಾಕು. ಆದರೆ ಈಗಿನ ಹೆಚ್ಚಿನ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ, ಬಾಡಿಯೇ ಚಾಸಿ. ವೆಲ್ಡ್ ಆಗಿರುವ ಅಪ್ರಾನ್ (ಮುಂದಿನ ಚಕ್ರದ ಮೇಲಿನ ಒಳ ತಗಡು), ಪಿಲ್ಲರ್ (ಮೇಲ್ಛಾವಣಿ ಹೊರುವ ಕಂಬ), ಎಂಜಿನ್‌ನ ಎರಡೂ ಬದಿಯ ಉದ್ದನೆಯ ತೊಲೆ, ನೆಲದ ತಗಡು, ಇಲ್ಲಿಗೆ ಪೆಟ್ಟು ಬಿದ್ದಿದ್ದರೆ ಕತೆ ಬೇರೆ.

ಮೊದಲು ಇನ್ಶೂರೆನ್ಸ್ ಪಾಲಿಸಿ ಕೇಳಿ, ಅದರಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ ನೋಡಿ. ಕ್ಲೇಮ್ ಮಾಡದಿದ್ದರೆ ಅದು ಮೊದಲ ವರ್ಷಕ್ಕೆ ಶೇ 20, ಐದು ವರ್ಷಕ್ಕೆ ಶೇ 50 ಆಗುತ್ತದೆ. ಆರು ವರ್ಷದಿಂದ ಒಬ್ಬರೇ ಓಡಿಸಿದ ಕಾರಿಗೆ ಸೊನ್ನೆ ಇದ್ದರೆ ಯಾಕೆ ಅಂತ ಕೇಳಲೇಬೇಕು, ಅಲ್ವಾ? ಸರ್ವಿಸ್ ಸೆಂಟರ್‌ನ ಹಳೆಯ ಬಿಲ್‌ಗಳೂ ಇರಲಿ. ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75 ದಾಟಿ ‘ಟೋಟಲ್ ಲಾಸ್’ ಆಗಿದ್ದ ಕಾರಾದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಹಗಲು ಬೆಳಕಿನಲ್ಲಿ ಬಾನೆಟ್ ಎತ್ತಿ. ಫೆಂಡರ್ (ಮುಂದಿನ ಚಕ್ರದ ಮೇಲಿನ ಹೊರ ತಗಡು) ಬೋಲ್ಟ್‌ಗಳ ತಲೆಯ ಪೇಂಟ್ ಕಿತ್ತಿದೆಯಾ? ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಅಪ್ರಾನ್ ಅಂಚಿನಲ್ಲಿ ಕಂಪನಿಯ ಸ್ಪಾಟ್ ವೆಲ್ಡ್‌ಗಳು ಸಣ್ಣ ದುಂಡು ಗುಳಿಗಳ ಹಾಗೆ ಸಾಲಾಗಿ ಕಾಣುತ್ತವೆ. ಆ ಸಾಲು ಎಡಕ್ಕೂ ಬಲಕ್ಕೂ ಒಂದೇ ಥರ ಇರಬೇಕು. ಒಂದು ಕಡೆ ಗುಳಿ ಮುಚ್ಚಿಹೋಗಿ ಪುಟ್ಟಿ ದಪ್ಪಗಿದ್ದರೆ ಟಿಂಕರಿಂಗ್ ಆಗಿದೆ. ಸಾಧ್ಯವಾದರೆ ಟೇಪ್ ಹಿಡಿದು ಎಂಜಿನ್ ಜಾಗದ ಎರಡು ಕರ್ಣ ಅಳೆಯಿರಿ: ಎಡ ಸಸ್ಪೆನ್ಶನ್ ತಲೆಯಿಂದ (ಬಾನೆಟ್ ಒಳಗೆ ಕಾಣುವ ಅದರ ಮೇಲ್ತುದಿ) ಬಲ ಮುಂದಿನ ಮೂಲೆಗೆ, ಬಲದಿಂದ ಎಡಕ್ಕೆ. ಎರಡೂ ಕಡೆ ಅದೇ ಬೋಲ್ಟ್‌ನಿಂದ ಅಳೆದೂ ತುಂಬಾ ವ್ಯತ್ಯಾಸ ಬಂದರೆ ಬಾಡಿ ಸೊಟ್ಟಗಾಗಿದೆ ಎಂದೇ ಅನುಮಾನಿಸಿ.

ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ಪಿಲ್ಲರ್‌ನ ವೆಲ್ಡ್ ಸಾಲೂ ನೋಡಿ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೂ ಅನುಮಾನ ಪಡಿ. ಬಲ್ಬ್ ಕಿತ್ತು ಹಾಕುವ ಜಾಣರೂ ಇದ್ದಾರೆ.

ಇಷ್ಟಾದ ಮೇಲೆ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ, ನಿಮ್ಮ ನಂಬಿಕೆಯ ಮೆಕ್ಯಾನಿಕ್ ಕೈಯಲ್ಲಿ ತೊಲೆಗಳನ್ನು ತೋರಿಸಿ. ನೆನಪಿಡಬೇಕಾದ್ದು ಇಷ್ಟೇ: ಬಾಗಿದ್ದನ್ನು ಎಳೆದು ಸರಿ ಮಾಡಬಹುದು, ಮಡಿಚಿಕೊಂಡಿದ್ದನ್ನು ಬದಲಿಸಬೇಕು. ಕಾಗದದ ಹಾಗೆ ಮಡಿಕೆ ಬಿದ್ದ ಉಕ್ಕು ನೇರ ಮಾಡಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ. ಮುಂದಿನ ಪೆಟ್ಟು ಬಿದ್ದಾಗ ಅದು ಎಲ್ಲಿ ಕುಸಿಯುತ್ತದೋ ಹೇಳುವಂತಿಲ್ಲ.

ರಿಪೇರಿ ಮಾಡಿಸಿ ಕೊಡುತ್ತೇನೆ ಎಂದು ಮಾರುವವರು ಒಪ್ಪಿದರೆ, ಕೆಲಸ ನಡೆಯುವ ಜಾಗಕ್ಕೆ ನೀವೇ ಹೋಗಿ. ಕಾರನ್ನು ಬಾಗಿಲ ಕೆಳಗಿನ ಅಂಚಿನಲ್ಲಿ ಬೆಂಚಿಗೆ (ಬಾಡಿ ನೇರ ಮಾಡುವ ಉಕ್ಕಿನ ಚೌಕಟ್ಟು) ಬಿಗಿದು, ಹೈಡ್ರಾಲಿಕ್ ಚೈನ್‌ನಿಂದ ನಿಧಾನಕ್ಕೆ ಎಳೆದು, ಕಂಪನಿಯ ಅಳತೆಗೆ ಹೋಲಿಸಿ ನೋಡುವುದು ಸರಿಯಾದ ಕ್ರಮ. ಮರಕ್ಕೆ ಕಟ್ಟಿ ಎಳೆಯುವುದು, ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಡಿಯುವುದು ಬೇಡವೇ ಬೇಡ. ಜಾಸ್ತಿ ಬಲದ ಉಕ್ಕು ಆ ಶಾಖಕ್ಕೇ ಮೆತ್ತಗಾಗುತ್ತದೆ. ಹೊಸ ಭಾಗವನ್ನು ಕಂಪನಿ ಹೇಳಿದ ಜಾಗದಲ್ಲೇ ಕತ್ತರಿಸಿ ವೆಲ್ಡ್ ಮಾಡಬೇಕು. ಒಳಗೆ ತುಕ್ಕು ತಡೆಯುವ ಮೇಣವನ್ನೂ ಹೊಡೆಸಿ. ಮಂಗಳೂರು, ಕಾರವಾರದ ಕಡೆ ಓಡಿಸುವವರಂತೂ ಇದನ್ನು ಬಿಡಬೇಡಿ.

ಪ್ರೈಮರ್ ಹೊಡೆಯುವ ಮುಂಚೆ ಒಮ್ಮೆ ಹೋಗಿ ವೆಲ್ಡ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪೇಂಟ್ ಬಿದ್ದ ಮೇಲೆ ಎಲ್ಲವೂ ಹೊಸದೇ. ಕೊನೆಗೆ ವೀಲ್ ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ. ಎಡ ಬಲದ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕಂಪನಿ ಹೇಳಿದ ಮಿತಿಯೊಳಗೆ ಬಾರದಿದ್ದರೆ ಎಲ್ಲೋ ಇನ್ನೂ ಸೊಟ್ಟ ಉಳಿದಿರಬಹುದು. ಅಡ್ವಾನ್ಸ್ ಕೊಡುವುದಿದ್ದರೆ ಆ ಪ್ರಿಂಟ್ ಕೈಗೆ ಬಂದ ಮೇಲೆ. ಪಿಲ್ಲರ್ ಕತ್ತರಿಸಿ ಜೋಡಿಸಿದ ಕಾರಾದರೆ ಮಾತ್ರ, ರೇಟ್ ಎಷ್ಟು ಇಳಿಸಿದರೂ ನಾನು ಕೈ ಮುಗಿದು ಬರುತ್ತೇನೆ. ಭಾವಮೈದುನನನ್ನೂ ಅವತ್ತು ಎಬ್ಬಿಸಿಕೊಂಡು ಬಂದೆ.