ಸ್ಕ್ಯಾನ್ ಕ್ಲೀನ್ ಬಂತು, ಪಾಸ್‌ವರ್ಡ್ ಹೋಗಿದ್ದು ಹೇಗೆ?

ಶಿರಸಿಯ ಅಡಿಕೆ ವಖಾರಿಯ ಲೆಕ್ಕದ ಕಂಪ್ಯೂಟರ್ ಇರಲಿ, ಕಾರವಾರದ ಝೆರಾಕ್ಸ್ ಅಂಗಡಿಯದ್ದಿರಲಿ, ಜಿಎಸ್‌ಟಿ, ಬ್ಯಾಂಕು, ಇಮೇಲ್ ಪಾಸ್‌ವರ್ಡೆಲ್ಲ ಕ್ರೋಮ್‌ನಲ್ಲೇ ಸೇವ್ ಆಗಿರುತ್ತವೆ. ರೆಡ್‌ಲೈನ್, ವಿಡಾರ್, ಲುಮ್ಮಾದಂಥ ಕಳ್ಳ ಮಾಲ್‌ವೇರ್‌ಗಳಿಗೆ, ಅಂದರೆ ಮಾಹಿತಿ ಕದಿಯುವ ಪ್ರೋಗ್ರಾಮುಗಳಿಗೆ, ಬೇಕಾದ್ದೂ ಅದೇ. ‘ಲಾಗಿನ್ ಡೇಟಾ’, ‘ಕುಕೀಸ್’ ಎಂಬ ಫೈಲುಗಳನ್ನು, ಡೆಸ್ಕ್‌ಟಾಪ್‌ನಲ್ಲಿಟ್ಟ ಪಾಸ್‌ವರ್ಡ್ ಪಟ್ಟಿಯನ್ನು ಗಂಟು ಕಟ್ಟಿ ಕಳಿಸಲು ಕೆಲವೇ ನಿಮಿಷ ಸಾಕು. ಎಷ್ಟೋ ಸಲ ಆಮೇಲೆ ತಮ್ಮನ್ನೇ ಅಳಿಸಿಕೊಳ್ಳುತ್ತವೆ. ಮರುದಿನ ಆಂಟಿವೈರಸ್ ಓಡಿಸಿದರೆ ಏನು ಸಿಕ್ಕೀತು? ಹೆಜ್ಜೆಗುರುತು ಮಾತ್ರ ಉಳಿದಿರುತ್ತದೆ.

ಆ ಗುರುತು ಹುಡುಕಲು ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ಆರಿಸಿ. ಕಂಪ್ಯೂಟರ್ ಬಂದ್ ಮಾಡಬೇಡಿ. ಮಾಡಿದರೆ ಮೆಮೊರಿಯಲ್ಲಿ ಓಡುತ್ತಿರುವುದೆಲ್ಲ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವ ಹಾಗಿಲ್ಲ, ಯುಪಿಎಸ್ ಮೇಲಿರಲಿ. ‘ಹೊಸ ಸಾಧನದಿಂದ ಲಾಗಿನ್ ಆಗಿದೆ’ ಎಂಬ ಇಮೇಲ್ ಬಂದಿದ್ದರೆ ಅದರ ದಿನ, ಗಂಟೆ ಕಾಗದದ ಮೇಲೆ ಬರೆದುಕೊಳ್ಳಿ. ಮುಂದೆ ಸಿಗುವ ಪ್ರತಿಯೊಂದನ್ನೂ ಆ ಹೊತ್ತಿಗೆ ತಾಳೆ ನೋಡಬೇಕು.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ, ತೆರೆದ ರನ್ ಪೆಟ್ಟಿಗೆಯ ಬಾಣದ ಗುರುತು ಕ್ಲಿಕ್ ಮಾಡಿ. ಹಿಂದೆ ಕೊಟ್ಟ ಕಮಾಂಡುಗಳು ಕಾಣುತ್ತವೆ. ‘ಪವರ್‌ಶೆಲ್’ ಅಥವಾ ‘ಎಂಎಸ್‌ಎಚ್‌ಟಿಎ’ (ಎರಡೂ ಸ್ಕ್ರಿಪ್ಟ್ ಓಡಿಸುವ ವಿಂಡೋಸ್‌ನದೇ ಪ್ರೋಗ್ರಾಮುಗಳು) ಎಂದು ಶುರುವಾಗಿ ಉದ್ದಕ್ಕೆ ಹೋಗುವ ಸಾಲಿದ್ದರೆ ಕಳ್ಳ ಬಂದ ದಾರಿ ಅದೇ. ‘ನಾನು ರೋಬೋಟ್ ಅಲ್ಲ’ ಎನ್ನುವ ನಕಲಿ ಪುಟ ಆ ಕಮಾಂಡನ್ನು ಗುಟ್ಟಾಗಿ ಕಾಪಿ ಮಾಡಿ, ನಮ್ಮ ಕೈಯಿಂದಲೇ ಅಲ್ಲಿ ಪೇಸ್ಟ್ ಮಾಡಿಸುತ್ತದೆ. ಪೆಟ್ಟಿಗೆ ಸಣ್ಣದು, ಸಾಲು ಉದ್ದ. ಹಾಗಾಗಿ ಕೊನೆಗೆ ಅಂಟಿಸಿದ ‘ವೆರಿಫಿಕೇಶನ್ ಐಡಿ’ ಎಂಬ ಮುಗ್ಧ ಬಾಲವಷ್ಟೇ ಕಣ್ಣಿಗೆ ಬೀಳುತ್ತದೆ. ಪಟ್ಟಿ ಖಾಲಿ ಇದ್ದರೂ ಸಮಾಧಾನಪಡಬೇಡಿ, ಅದನ್ನು ಅಳಿಸುವುದು ಕಷ್ಟವಲ್ಲ.

ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್. ಕ್ರ್ಯಾಕ್ ಮಾಡಿದ ಫೋಟೊ ಸಾಫ್ಟ್‌ವೇರ್ ಎಂದು ಇಳಿಸಿಕೊಂಡ, ಪಾಸ್‌ವರ್ಡ್ ಹಾಕಿದ ಜಿಪ್ ಇದೆಯೇ? ಜಿಪ್ ಕೆಲವೇ ಎಂಬಿ, ಬಿಚ್ಚಿದರೆ 700 ಎಂಬಿಯ ಒಂದೇ ಫೈಲು ಎಂದಾದರೆ ಒಳಗೆ ಸೊನ್ನೆ ತುಂಬಿ ಉಬ್ಬಿಸಿದ್ದಾರೆ ಎಂದೇ ಲೆಕ್ಕ. ಫೈಲನ್ನು ಹಲವು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ಜಾಲತಾಣ 650 ಎಂಬಿಗಿಂತ ದೊಡ್ಡ ಫೈಲು ತೆಗೆದುಕೊಳ್ಳುವುದಿಲ್ಲ. ಈ ಉಬ್ಬರ ಅದಕ್ಕಾಗಿ.

ಫೈಲು ಅಳಿದುಹೋಗಿದ್ದರೂ ಅದು ಓಡಿದ್ದಕ್ಕೆ ಸಾಕ್ಷಿ ಸಿಗಬಹುದು. ಸಿ ಡ್ರೈವ್‌ನ ವಿಂಡೋಸ್ ಒಳಗಿನ ‘ಪ್ರೀಫೆಚ್’ ತೆರೆದು ದಿನಾಂಕದ ಪ್ರಕಾರ ಜೋಡಿಸಿ. ಓಡಿದ ಪ್ರೋಗ್ರಾಮಿನ ಹೆಸರು ಅಲ್ಲಿರುತ್ತದೆ. ‘ಮಾಡಿಫೈಡ್’ ಸಮಯ ಎಂದರೆ ಕೊನೆಯ ಸಲ ಓಡಿದ ಹೊತ್ತು, ಸುಮಾರು 10 ಸೆಕೆಂಡಿನ ವ್ಯತ್ಯಾಸದಲ್ಲಿ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನ ಪವರ್‌ಶೆಲ್ ಆಪರೇಶನಲ್ ಲಾಗ್‌ನಲ್ಲಿ 4104 ನಂಬರಿನ ನಮೂದುಗಳನ್ನೂ ನೋಡಿ, ಅನುಮಾನದ ಸ್ಕ್ರಿಪ್ಟ್ ಅಕ್ಷರಶಃ ಸಿಗುವುದುಂಟು. ಮೈಕ್ರೋಸಾಫ್ಟಿನ ಉಚಿತ ‘ಆಟೋರನ್ಸ್’ ಬೇರೆ ಯಂತ್ರದಿಂದ ಪೆನ್‌ಡ್ರೈವಿನಲ್ಲಿ ತಂದು ಓಡಿಸಿದರೆ ಸ್ಟಾರ್ಟಪ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾದಾಗ ತಾನಾಗಿ ಓಡುವವುಗಳ ನಡುವೆ, ಏನಾದರೂ ಕೂತಿದೆಯೇ ತಿಳಿಯುತ್ತದೆ. ಆ ಪೆನ್‌ಡ್ರೈವನ್ನು ಮತ್ತೆ ಬೇರೆ ಯಾವ ಕಂಪ್ಯೂಟರಿಗೂ ಚುಚ್ಚಬೇಡಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಅದೇ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸುತ್ತಾರೆ. ಕಳ್ಳ ಇನ್ನೂ ಒಳಗಿದ್ದರೆ ಹೊಸದೂ ಅವನ ಪಾಲು. ಬೇರೆ ಫೋನಿನಿಂದ ಬದಲಿಸಿ, ಇಮೇಲಿನಿಂದಲೇ ಶುರುಮಾಡಿ. ಜೊತೆಗೆ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಲೇಬೇಕು. ಕುಕೀ ಎಂದರೆ ಒಟಿಪಿ ಕೊಟ್ಟು ಒಳಬಂದ ಮೇಲೆ ಸಿಗುವ ಚೀಟಿ. ಅದು ಕೈಯಲ್ಲಿದ್ದವನನ್ನು ಸಾಮಾನ್ಯವಾಗಿ ಮತ್ತೆ ಒಟಿಪಿ ಕೇಳುವುದಿಲ್ಲ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ಕೂಡ ಖಾಲಿ ಮಾಡಿ.

ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್‌ನಲ್ಲಿದ್ದರೆ ಅದರ ಕೀಲಿಯನ್ನು ನಕಲು ಮಾಡಿಕೊಳ್ಳಲು ಬರುವುದಿಲ್ಲ. ಕೀಲಿಯೂ ಒಳಗಿರುವ ಪಿಎಫ್‌ಎಕ್ಸ್ ಫೈಲಾಗಿ ಡಾಕ್ಯುಮೆಂಟ್ಸ್‌ನಲ್ಲಿಟ್ಟಿದ್ದರೆ ಹೋಯಿತೆಂದೇ ತಿಳಿದು ರದ್ದುಮಾಡಿಸಿ. ಹಣ ಹೋಗಿದ್ದರೆ ಇಷ್ಟನ್ನೆಲ್ಲ ಬದಿಗಿಟ್ಟು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗುರುತುಗಳ ಫೋಟೊ ತೆಗೆದಿಟ್ಟುಕೊಂಡ ಮೇಲಷ್ಟೇ ವಿಂಡೋಸ್ ಹೊಸದಾಗಿ ಹಾಕಿಸಿ.