ತಟ್ಟೆ ನೀರಿನಲ್ಲಿ ತಾನೇ ಕೂಡಿಕೊಳ್ಳುವ ತೆಪ್ಪ

ಪ್ರತಿ ಜೂನ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಂದ ನಾನು ಮೊದಲು ಮಾಡಿಸುವುದು, ನೀರಿನ ಮೇಲೆ ಬಿಟ್ಟ ಕಾಳುಗಳು ತಾವೇ ಕೂಡಿ ತೆಪ್ಪವಾಗುವ ಈ ಪ್ರಯೋಗವನ್ನೇ. ಊಟದ ಸ್ಟೀಲ್ ತಟ್ಟೆ, ನೀರು, ಒಂದು ಹಿಡಿ ಥರ್ಮೋಕೋಲ್ ಕಾಳು, ನಾಲ್ಕು ಗುಂಡುಸೂಜಿ ಇದ್ದರೆ ಸಾಕು. ಬೀನ್ ಬ್ಯಾಗಿಗೆ ತುಂಬುವ ಕಾಳಾದರೆ ಒಳ್ಳೆಯದು. ಹಿಟ್ಟಿನ ಜರಡಿಯಲ್ಲಿ ಒಮ್ಮೆ ಆಡಿಸಿ ತೀರಾ ಸಣ್ಣವನ್ನು ತೆಗೆದುಬಿಡಿ. ದೊಡ್ಡವನ್ನು ಕೈಯಲ್ಲೇ ಆರಿಸಿ. ಹೆಚ್ಚುಕಡಿಮೆ ಒಂದೇ ಗಾತ್ರದವು ಉಳಿಯಬೇಕು.

ತಟ್ಟೆ ತೊಳೆಯುವುದರಲ್ಲೇ ಅರ್ಧ ಕೆಲಸ ಇದೆ. ಒಂದು ವರ್ಷ ಅವಸರದಲ್ಲಿ ನಾನು ಸೋಪಿನ ಪಸೆ ಪೂರ್ತಿ ಹೋಗುವ ತನಕ ತೊಳೆಯಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ತೇಲಿಸಿದ ಸೂಜಿಗಳೆಲ್ಲ ಒಂದೊಂದಾಗಿ ತಳ ಸೇರಿದವು. ಸೋಪು ನೀರಿನ ಮೇಲ್ಮೈ ಎಳೆತವನ್ನು, ಅಂದರೆ ನೀರಿನ ಮೇಲ್ಪದರ ಬಿಗಿದ ಚರ್ಮದಂತೆ ಇರುವ ಗುಣವನ್ನು, ತಗ್ಗಿಸುತ್ತದೆ. ಈ ಪ್ರಯೋಗವೆಲ್ಲ ನಿಂತಿರುವುದೇ ಆ ಎಳೆತದ ಮೇಲೆ. ಮೂರು ಸಲ ಬರೀ ನೀರಿನಲ್ಲಿ ತೊಳೆಯಿರಿ.

ಅರ್ಧ ತಟ್ಟೆ ನೀರು ಹಾಕಿ. ಥರ್ಮೋಕೋಲ್ ಕೈಗೆ ಅಂಟಿಕೊಂಡು ಕಾಡುತ್ತದೆ, ಬೆರಳ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಕಾಳು ಎತ್ತಿ. ಎರಡು ಕಾಳನ್ನು ಒಂದು ಸೆಂಟಿಮೀಟರ್ ದೂರದಲ್ಲಿ ಬಿಟ್ಟು ಸುಮ್ನೆ ನೋಡಿ. ಫ್ಯಾನ್ ಆರಿಸಿರಬೇಕು. ಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಮೆಲ್ಲಗೆ ಸರಿಯುತ್ತವೆ. ಕೊನೆಯ ಮೂರು ನಾಲ್ಕು ಮಿಲಿಮೀಟರ್ ಉಳಿದಾಗ ಓಡಿಬಂದು ಟಪಕ್ಕನೆ ಕೂಡಿಕೊಳ್ಳುತ್ತವೆ. ಇಷ್ಟು ವರ್ಷ ನೋಡಿದರೂ ಆ ಕೊನೆಯ ಓಟ ನನಗೆ ಸಾಕೆನಿಸಿಲ್ಲ.

ಕಾಳಿನ ಸುತ್ತ ನೀರು ಸ್ವಲ್ಪ ಮೇಲಕ್ಕೆ ಏರಿ ಪುಟ್ಟ ದಿಬ್ಬದಂತೆ ನಿಲ್ಲುತ್ತದೆ. ಹಗುರವಾದದ್ದು ಯಾವಾಗಲೂ ಮೇಲಕ್ಕೆ ಹೋಗಲು ನೋಡುತ್ತದೆ ಅಲ್ವಾ? ಹಾಗಾಗಿ ಪಕ್ಕದ ಕಾಳಿನ ದಿಬ್ಬವನ್ನು ಏರುತ್ತದೆ. ಶುದ್ಧ ನೀರಿನಲ್ಲಿ ಕಾಳಿನಿಂದ ದೂರ ಹೋದಂತೆ ಈ ಏರು ಸುಮಾರು 2.7 ಮಿಲಿಮೀಟರಿಗೆ ಒಮ್ಮೆ ಮೂರನೇ ಒಂದರಷ್ಟಕ್ಕೆ ಇಳಿಯುತ್ತಾ ಹೋಗುತ್ತದೆ. ನಾಲ್ಕು ಸೆಂಟಿಮೀಟರ್ ಆಚೆಗಿನ ಕಾಳಿಗೆ ಪಕ್ಕದವರ ಸುದ್ದಿಯೇ ತಿಳಿಯುವುದಿಲ್ಲ.

ಈಗ ಒಂದು ಹಿಡಿ ಕಾಳು ಸುರಿಯಿರಿ. ತುಂಬ ಕಾಳು ತಟ್ಟೆಯ ಅಂಚಿಗೆ ಓಡುತ್ತವೆ, ಅಲ್ಲೂ ನೀರು ಏರಿ ನಿಂತಿರುತ್ತದೆ. ಚಮಚದಲ್ಲಿ ಹನಿಹನಿಯಾಗಿ ನೀರು ಸೇರಿಸುತ್ತಾ ಬನ್ನಿ. ನೀರು ಅಂಚಿಗಿಂತ ಉಬ್ಬಿ ನಿಂತ ಕೂಡಲೇ ಅದೇ ಕಾಳುಗಳು ಅಂಚು ಬಿಟ್ಟು ನಡುವಿಗೆ ಹೊರಡುತ್ತವೆ! ಬೆರಳಲ್ಲಿ ಮೆಲ್ಲಗೆ ಸುತ್ತು ತಿರುಗಿಸಿದರೆ ಜೇನುಗೂಡಿನ ಕಣ್ಣುಗಳಂತೆ ಒಂದರ ಸುತ್ತ ಆರು ಕೂರುತ್ತವೆ. ಪೆನ್ಸಿಲ್‌ನಿಂದ ಆ ಹಾಳೆಯನ್ನು ಸೀಳಿ. ಬಾಗುತ್ತದೆ, ಹರಿಯುತ್ತದೆ, ಬಿಟ್ಟರೆ ಮತ್ತೆ ಬೆಸೆದುಕೊಳ್ಳುತ್ತದೆ.

ದಕ್ಷಿಣ ಅಮೆರಿಕದ ಬೆಂಕಿ ಇರುವೆಗಳು ನೆರೆ ಬಂದಾಗ ಮಾಡುವುದು ಇಂಥದ್ದನ್ನೇ. ಕಾಲು, ದವಡೆಗಳಿಂದ ಒಂದನ್ನೊಂದು ಹಿಡಿದುಕೊಂಡು ತೆಪ್ಪವಾಗುತ್ತವೆ. ಮೈಗಳ ನಡುವೆ ಗಾಳಿ ಸಿಕ್ಕಿಕೊಂಡು ತೇಲುತ್ತವೆ. ಕಡ್ಡಿಯಿಂದ ಒತ್ತಿದರೆ ತೆಪ್ಪ ಬಾಗುತ್ತದೆ, ಮುಳುಗುವುದಿಲ್ಲ. ಹೀಗೆ ಮಾಡಿ ಎಂದು ಹೇಳುವ ಇರುವೆ ಯಾವುದೂ ಇಲ್ಲ. ನಮ್ಮ ಕಾಳಿಗೆ ಹಿಡಿಯಲು ಕೈಕಾಲಿಲ್ಲ, ನೀರಿನ ಏರೇ ಕೈಕಾಲು.

ಇನ್ನು ಗುಂಡುಸೂಜಿ. ಎಣ್ಣೆ ಹಚ್ಚಿದ ತಲೆಗೂದಲಿಗೆ ಒಮ್ಮೆ ಸವರಿ, ಚೂರು ಟಿಶ್ಯೂ ಪೇಪರಿನ ಮೇಲೆ ಮಲಗಿಸಿ ನೀರಿಗೆ ಬಿಡಿ. ಪೇಪರನ್ನು ಕಡ್ಡಿಯಿಂದ ಕೆಳಗೆ ಒತ್ತಿ. ಸೂಜಿ ಭಾರ, ಅದರ ಸುತ್ತ ನೀರು ತಗ್ಗಾಗುತ್ತದೆ. ಎರಡು ಸೂಜಿ ಹತ್ತಿರ ಬರುತ್ತವೆ. ಆದರೆ ಸೂಜಿ ಮತ್ತು ಕಾಳು ಒಂದನ್ನೊಂದು ದೂರ ತಳ್ಳುತ್ತವೆ. ಯಾವುದು ಯಾವುದಕ್ಕೆ ಸೇರಬೇಕು ಎಂದು ನಾವೇ ಮೊದಲೇ ತೀರ್ಮಾನಿಸಬಹುದು ಎಂದಾಯಿತು. 1997ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಪುಟ್ಟ ಸಿಲಿಕೋನ್ ರಬ್ಬರ್ ಬಿಲ್ಲೆಗಳ ಕೆಲವು ಅಂಚಿಗೆ ನೀರು ಅಂಟುವಂತೆ, ಕೆಲವಕ್ಕೆ ಅಂಟದಂತೆ ಮಾಡಿತು. ಅಂಚು ಬದಲಿಸಿದಂತೆ ಬಿಲ್ಲೆಗಳು ಕೂಡುವ ವಿನ್ಯಾಸವೂ ಬದಲಾಯಿತು.

ಎಲ್ಲ ಮುಗಿದ ಮೇಲೆ ಮಾತ್ರ ತೆಪ್ಪದ ನಡುವೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ತೆಪ್ಪ ಒಡೆದು ಅಂಚಿಗೆ ಚದುರುತ್ತದೆ. ಇನ್ನೊಂದು ಸಲ ಮಾಡಬೇಕೆಂದರೆ ತಟ್ಟೆ ತೊಳೆಯುವುದರಿಂದಲೇ ಶುರು.